ಲೆಕ್ಕ ಕೇಳಿದ ವ್ಯಾಪಾರಿ

ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಹಾಲಿನ ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ. ಅಡುಗೆಮನೆ ಗೋಡೆಯ ಮೇಲೆ ಇದ್ದಿಲಿನಿಂದ ದಿನಾ ಒಂದೊಂದು ಗೀಟು ಹಾಕುತ್ತಿದ್ದಳು. ತಿಂಗಳ ಕೊನೆಗೆ ಗೀಟು ಎಣಿಸಿ ದುಡ್ಡು ಕೇಳುತ್ತಿದ್ದಳು. "ಲೆಕ್ಕ ಇಡದೋನು ಏನಂತ ಕೇಳ್ತಾನೆ?" ಅಂತ ಅವಳ ಮಾತು.

ಒಂದು ಮನೆಯ ಲೆಕ್ಕ ಹೀಗೆ ಇಡಬಹುದು. ಒಂದು ಅಂಗಡಿಯ ಲೆಕ್ಕವನ್ನೂ ಇಡಬಹುದು. ಒಂದು ದೇಶದ ಲೆಕ್ಕ? ಅದನ್ನು ಇಡುವವರು ಯಾರು? ಕೇಳುವವರು ಯಾರು? ದೇಶದ ಲೆಕ್ಕವನ್ನು ಧೈರ್ಯವಾಗಿ ಕೇಳಿದ ಒಬ್ಬರಿದ್ದರು. ಅವರು ಮೊದಲು ಮೇಷ್ಟರು. ಆಮೇಲೆ ವ್ಯಾಪಾರಿ. ಆಮೇಲೆ ರಾಜಕಾರಣಿ. ಅವರ ಹೆಸರು ದಾದಾಭಾಯಿ ನೌರೋಜಿ.

ದಾದಾಭಾಯಿ ಹುಟ್ಟಿದ್ದು 1825ರ ಸೆಪ್ಟೆಂಬರ್ 4ರಂದು. ಪಾರ್ಸಿ ಪುರೋಹಿತರ ಮನೆತನ. ಮನೆಯಲ್ಲಿ ಬಡತನ. ಮಗುವಿಗೆ ನಾಲ್ಕು ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ತಾಯಿ ಮಾಣೆಕ್‌ಬಾಯಿ ಮತ್ತೆ ಮದುವೆ ಆಗಲಿಲ್ಲ. ಹೇಗಾದರೂ ಮಗನನ್ನು ಓದಿಸಬೇಕು ಅಂತ ಹಟ ಹಿಡಿದರು. ಬೊಂಬಾಯಿಯಲ್ಲಿ ಆಗ ಒಂದು ಶಾಲೆ ಇತ್ತು. ಅಲ್ಲಿ ಫೀಸು ಇರಲಿಲ್ಲ. ಫೀಸು ಇದ್ದಿದ್ದರೆ ಈ ಹುಡುಗ ಓದುತ್ತಿರಲಿಲ್ಲ. ಈ ಮಾತನ್ನು ದಾದಾಭಾಯಿ ಮುದುಕರಾದ ಮೇಲೂ ನೆನೆಯುತ್ತಿದ್ದರು. ಜನರ ದುಡ್ಡಿನಲ್ಲಿ ಓದಿದ್ದೇನೆ, ಜನರಿಗೆ ತೀರಿಸಬೇಕು ಅನ್ನುವುದು ಅವರ ಎಣಿಕೆ. ನೋಡಿ, ಓದನ್ನು ಕೂಡ ಅವರು ಸಾಲದ ಪುಸ್ತಕಕ್ಕೆ ಬರೆದುಕೊಂಡಿದ್ದರು!

ಹುಡುಗ ಲೆಕ್ಕದಲ್ಲಿ ಬಲು ಚುರುಕು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದರು. ಅಲ್ಲೇ ಗಣಿತದ ಪ್ರೊಫೆಸರ್ ಕೂಡ ಆದರು. ಅದಕ್ಕೆ ಮೊದಲು ಅಲ್ಲಿ ಭಾರತೀಯರು ಯಾರೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ.

ಈ ಕಾಲದ ಒಂದು ಸಂಗತಿ ನಮ್ಮಂಥ ಸ್ವಯಂಸೇವಕರಿಗೆ ತುಂಬಾ ಹತ್ತಿರದ್ದು. 1849ರಲ್ಲಿ ದಾದಾಭಾಯಿ ಮತ್ತು ಗೆಳೆಯರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಸಂಬಳ ಇಲ್ಲದೆ ತಾವೇ ಪಾಠ ಹೇಳಿದರು. ಮಕ್ಕಳನ್ನು ಕಳಿಸಿ ಅಂತ ಮನೆಮನೆಗೆ ಹೋಗಿ ಕೇಳಿಕೊಂಡರು. ಕೆಲವರು ಜಗಲಿಯಲ್ಲಿ ಕೂತು ಪಾಠ ಹೇಳಲು ಬಿಟ್ಟರು. ಕೆಲವರು, ಮೆಟ್ಟಿಲಿಂದ ಕೆಳಗೆ ದಬ್ಬುತ್ತೇವೆ ಅಂತ ಗದರಿಸಿದರು. ನಮ್ಮನ್ನು ಇಲ್ಲಿಯವರೆಗೆ ಯಾರೂ ದಬ್ಬಿಲ್ಲ. "ನಾಳೆ ಬರ್ತೀವಿ" ಅಂತ ಹೇಳಿ ಬಾಗಿಲು ಹಾಕಿಕೊಂಡವರು ಮಾತ್ರ ಬೇಕಾದಷ್ಟಿದ್ದಾರೆ.

1855ರಲ್ಲಿ ದಾದಾಭಾಯಿ ಮೇಷ್ಟರ ಕೆಲಸ ಬಿಟ್ಟರು. ಹಡಗು ಹತ್ತಿ ಲಂಡನ್ನಿಗೆ ಹೋದರು. ಕಾಮಾ ಅನ್ನುವ ಪಾರ್ಸಿ ಮನೆತನದವರು ಅಲ್ಲಿ ವ್ಯಾಪಾರದ ಕಂಪನಿ ತೆರೆದಿದ್ದರು. ಇಂಗ್ಲೆಂಡಿನಲ್ಲಿ ಭಾರತೀಯರು ತೆರೆದ ಮೊದಲ ಕಂಪನಿ ಅದು. ದಾದಾಭಾಯಿ ಅದರಲ್ಲಿ ಪಾಲುದಾರರಾದರು. ಕಾಲೇಜಿನಲ್ಲಿ ದೊಡ್ಡ ಕುರ್ಚಿ ಇದ್ದವರು ಅಂಗಡಿಗೆ ಹೋಗುವುದೇ? ಅವರ ಗುರುಗಳಿಗೆ, ಗೆಳೆಯರಿಗೆ ಇದು ಹಿಡಿಸಲಿಲ್ಲ. ಆದರೆ ದಾದಾಭಾಯಿಗೆ ಇಂಗ್ಲೆಂಡನ್ನು ಕಣ್ಣಾರೆ ನೋಡಬೇಕಿತ್ತು.

ಆ ಕಂಪನಿ ಅಫೀಮು ಮತ್ತು ಹೆಂಡದ ವ್ಯಾಪಾರವನ್ನೂ ಮಾಡುತ್ತಿತ್ತು. ಅದರಲ್ಲಿ ಬಂದ ಲಾಭ ತಮಗೆ ಬೇಡ ಅಂದರು ದಾದಾಭಾಯಿ. ಹೀಗೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಕೊನೆಗೆ ಆ ಕಂಪನಿ ಬಿಟ್ಟು, 1859ರಲ್ಲಿ ತಮ್ಮದೇ ಕಂಪನಿ ತೆರೆದರು. ಅದು ಹತ್ತಿಯ ವ್ಯಾಪಾರ. ಭಾರತದ ಅರಳೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಅಲ್ಲಿಯ ಗಿರಣಿಗಳಲ್ಲಿ ಅದರಿಂದ ನೂಲು, ಬಟ್ಟೆ ಆಗುತ್ತಿತ್ತು.

ಆಗ ಒಂದು ದೊಡ್ಡ ಏರುಪೇರು ನಡೆಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಭಾರತದ ಹತ್ತಿಗೆ ಬೆಲೆಯೋ ಬೆಲೆ. ಬೊಂಬಾಯಿಯಲ್ಲಿ ದುಡ್ಡು ಹೊಳೆಯಾಗಿ ಹರಿಯಿತು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಎಷ್ಟೋ ವ್ಯಾಪಾರಿಗಳು ಮುಳುಗಿದರು. ಸ್ನೇಹಿತರಿಗೆ ಆಸರೆಯಾಗಲು ಹೋದ ದಾದಾಭಾಯಿ ಕೂಡ 1866ರ ಹೊತ್ತಿಗೆ ದೊಡ್ಡ ಪೆಟ್ಟು ತಿಂದರು. ಸಾಲ ತೀರಿಸಲು ಆಗಲಿಲ್ಲ. ಆಗ ಅವರು ಪುಸ್ತಕ ಬಚ್ಚಿಡಲಿಲ್ಲ. ಸಾಲ ಕೊಟ್ಟವರ ಮುಂದೆ ಲೆಕ್ಕವನ್ನೆಲ್ಲ ಬಿಚ್ಚಿಟ್ಟರು. ಅದರಿಂದಲೇ ಅವರ ಮರ್ಯಾದೆ ಉಳಿಯಿತು.

ವ್ಯಾಪಾರದಲ್ಲಿ ಅವರು ಬಹಳ ದುಡ್ಡು ಮಾಡಲಿಲ್ಲ. ಆದರೆ ಹತ್ತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ದುಡ್ಡು ಎಲ್ಲಿಂದ ಎಲ್ಲಿಗೆ ಬರುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದರು. ನೋಡುತ್ತಾ ನೋಡುತ್ತಾ ಅವರಿಗೆ ಒಂದು ಅನುಮಾನ ಬಂತು. ಆ ಅನುಮಾನ ಏನು ಅಂತ ನಾವೂ ನೋಡೋಣ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನೀವು ಸಂತೆಗೆ 1000 ರೂಪಾಯಿ ಬೆಲೆಯ ರಾಗಿ ಒಯ್ಯುತ್ತೀರಿ ಅನ್ನಿ. ಬರುವಾಗ 700 ರೂಪಾಯಿಗೆ ಉಪ್ಪು, ಎಣ್ಣೆ, ಬಟ್ಟೆ ತರುತ್ತೀರಿ. ಆಗ ನಿಮ್ಮ ಕೈಯಲ್ಲಿ ಎಷ್ಟು ಉಳಿಯಬೇಕು? 300 ರೂಪಾಯಿ. ವರ್ಷವಿಡೀ ಹೀಗೇ ಮಾರಿದರೆ ನೀವು ಸ್ಥಿತಿವಂತರಾಗಬೇಕು. ಅಲ್ಲವೇ?

ಭಾರತವೂ ವರ್ಷ ವರ್ಷ ಹೊರಗೆ ಕಳಿಸುತ್ತಿದ್ದ ಮಾಲು ಹೆಚ್ಚು, ತರಿಸುತ್ತಿದ್ದ ಮಾಲು ಕಡಿಮೆ. ಹತ್ತಿ, ಸೆಣಬು, ಧಾನ್ಯ, ಚಹಾ ಎಲ್ಲ ಹೋಗುತ್ತಿತ್ತು. ಹಾಗಾದರೆ ಭಾರತ ಶ್ರೀಮಂತ ಆಗಬೇಕಿತ್ತು. ಆಗಲಿಲ್ಲ. ಬರಗಾಲ ಬಂದಾಗ ಜನ ಹುಳಗಳ ಹಾಗೆ ಸತ್ತರು. ಮತ್ತೆ ಆ 300 ರೂಪಾಯಿ ಎಲ್ಲಿ ಹೋಯಿತು?

ದಾದಾಭಾಯಿ ಸರ್ಕಾರದ ಪುಸ್ತಕಗಳನ್ನೇ ತೆಗೆದು ಹುಡುಕಿದರು. ಭಾರತವನ್ನು ಆಳುತ್ತಿದ್ದ ದೊಡ್ಡ ಅಧಿಕಾರಿಗಳೆಲ್ಲ ಇಂಗ್ಲೆಂಡಿನವರು. ಅವರ ಸಂಬಳ ನಮ್ಮ ಕಂದಾಯದಿಂದ. ಉಳಿಸಿದ ದುಡ್ಡನ್ನು ಅವರು ಊರಿಗೆ ಕಳಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಕೂತು ಪಿಂಚಣಿ ತಿನ್ನುತ್ತಿದ್ದರು. ಅದೂ ನಮ್ಮ ಕಂದಾಯದಿಂದಲೇ. ಲಂಡನ್ನಿನಲ್ಲಿ ಭಾರತದ ಆಡಳಿತಕ್ಕೆ ಅಂತ ಇದ್ದ ಕಚೇರಿಯ ಖರ್ಚು, ಸಾಲಗಳ ಬಡ್ಡಿ, ಹೊರಗೆ ನಡೆಸಿದ ಕೆಲವು ಯುದ್ಧಗಳ ಖರ್ಚು ಕೂಡ ಭಾರತದ ತಲೆಗೇ. ಹೋದ ಮಾಲಿಗೆ ತಿರುಗಿ ಬರಬೇಕಾದ ದುಡ್ಡು ಹೀಗೆ ಅಲ್ಲೇ ಉಳಿಯುತ್ತಿತ್ತು. ಇದಕ್ಕೆ ದಾದಾಭಾಯಿ ಇಟ್ಟ ಹೆಸರನ್ನು ನಮ್ಮ ಮಾತಿನಲ್ಲಿ 'ಸಂಪತ್ತಿನ ಸೋರಿಕೆ' ಅನ್ನಬಹುದು.

ಹಿಂದೆಯೂ ದೇಶದ ಮೇಲೆ ದಾಳಿ ಮಾಡಿದವರಿದ್ದರು. ಅವರು ಒಂದು ಸಲ ಕೊಳ್ಳೆ ಹೊಡೆದು ಹೋದರು, ಇಲ್ಲವೇ ಇಲ್ಲೇ ನೆಲೆಸಿದರು. ನೆಲೆಸಿದವರ ಖರ್ಚು ಇಲ್ಲಿಯ ನೇಕಾರನಿಗೆ, ಕಮ್ಮಾರನಿಗೆ ಸೇರಿತು. ಇದು ಹಾಗಲ್ಲ, ಪ್ರತಿ ವರ್ಷ ನಿಲ್ಲದೆ ಹೊರಗೆ ಹರಿಯುವುದು ಅಂತ ಅವರು ವಾದ ಮಾಡಿದರು. ಸೋರಿದ್ದು ಎಷ್ಟು ಅನ್ನುವುದರ ಬಗ್ಗೆ ಪಂಡಿತರು ಇಂದಿಗೂ ಚರ್ಚೆ ಮಾಡುತ್ತಾರೆ. ಆದರೆ ಸರ್ಕಾರದ ಅಂಕಿಗಳನ್ನೇ ಹಿಡಿದು ಹೀಗೆ ಕೇಳಿದವರಲ್ಲಿ ದಾದಾಭಾಯಿ ಮೊದಲ ಸಾಲಿನವರು.

ಇನ್ನೊಂದು ಲೆಕ್ಕ ಇದೆ. ಭಾರತದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಎಷ್ಟು ಆದಾಯ? ಅದನ್ನು ಅದುವರೆಗೆ ಯಾರೂ ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ದಾದಾಭಾಯಿ ಪ್ರಾಂತ್ಯ ಪ್ರಾಂತ್ಯದ ಬೆಳೆ, ಎಕರೆ, ಬೆಲೆ ಎಲ್ಲ ಕೂಡಿಸಲು ಕೂತರು. ನೋಡಿದರೆ ಅಧಿಕಾರಿಗಳ ಲೆಕ್ಕವೇ ತಪ್ಪು! ತಪ್ಪು ಯಾವ ತರಹದ್ದು ಅಂತ ಒಂದು ಉದಾಹರಣೆ ಹೇಳುತ್ತೇನೆ.

ಒಂದು ಊರಲ್ಲಿ 100 ಮೂಟೆ ಭತ್ತ, ಮೂಟೆಗೆ 1 ರೂಪಾಯಿ. ಇನ್ನೊಂದು ಊರಲ್ಲಿ 10 ಮೂಟೆ ಭತ್ತ, ಮೂಟೆಗೆ 5 ರೂಪಾಯಿ. ಒಂದು ಮತ್ತು ಐದರ ನಡುವಿನ ಬೆಲೆ 3 ರೂಪಾಯಿ ಅಂತ ಹಿಡಿದು 110 ಮೂಟೆಗೆ ಗುಣಿಸಿದರೆ 330 ರೂಪಾಯಿ ಬರುತ್ತದೆ. ನಿಜವಾಗಿ ಎಷ್ಟು? 100 ಮತ್ತು 50, ಒಟ್ಟು 150 ರೂಪಾಯಿ ಅಷ್ಟೇ. ಇಂಥ ಸರಾಸರಿಯಿಂದ ಬಡವನೂ ಕಾಗದದ ಮೇಲೆ ಸಾಹುಕಾರ ಆಗುತ್ತಾನೆ. ಗಣಿತದ ಮೇಷ್ಟರ ಕಣ್ಣಿಗೆ ಇದು ಬೀಳದೇ ಇರುತ್ತದೆಯೇ?

ತಿದ್ದಿ ಮತ್ತೆ ಕೂಡಿಸಿದರು. 1870ರ ಸುಮಾರಿಗೆ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಜನ 17 ಕೋಟಿ. ಅವರ ಒಂದು ವರ್ಷದ ಒಟ್ಟು ಉತ್ಪನ್ನದ ಬೆಲೆ 340 ಕೋಟಿ ರೂಪಾಯಿ. ಪುಸ್ತಕ ಮುಚ್ಚಿ, ನೀವೇ ಭಾಗಿಸಿ ನೋಡಿ. ತಲೆಗೆ 20 ರೂಪಾಯಿ. ಇದು ಇಡೀ ವರ್ಷಕ್ಕೆ!

ಆಮೇಲೆ ಅವರು ಜೈಲುಗಳ ಲೆಕ್ಕ ತೆಗೆದರು. ಒಬ್ಬ ಕೈದಿಯ ಊಟ ಬಟ್ಟೆಗೆ ಸರ್ಕಾರ ವರ್ಷಕ್ಕೆ ಖರ್ಚು ಮಾಡುತ್ತಿದ್ದದ್ದು ಇದಕ್ಕಿಂತ ಹೆಚ್ಚು. ಕಳ್ಳನಿಗೆ ಸಿಗುವಷ್ಟು ಅನ್ನ ದುಡಿಯುವ ರೈತನಿಗೆ ಇಲ್ಲ ಅಂತ ಆಯಿತು. ನಮ್ಮ ರಾತ್ರಿ ಶಾಲೆಯಲ್ಲಿ ಇದನ್ನು ಓದಿದಾಗ ಒಬ್ಬ ಅಕ್ಕ, "ಹಂಗಾದ್ರೆ ಜೈಲೇ ವಾಸಿ ಆಗಿತ್ತಲ್ಲ ಮೇಷ್ಟ್ರೇ" ಅಂದರು. ಎಲ್ಲರೂ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಡುವೆ ದಾದಾಭಾಯಿ ಬರೋಡ ಸಂಸ್ಥಾನದ ದಿವಾನರಾಗಿದ್ದರು. ಅದು 1874ರಲ್ಲಿ. ಅಲ್ಲಿಯ ಆಡಳಿತ ಸರಿಮಾಡಲು ನೋಡಿದರು. ಅರಮನೆಯ ಹಳೇ ಜನ ಬಿಡಲಿಲ್ಲ. ಬ್ರಿಟಿಷ್ ರೆಸಿಡೆಂಟ್ ಕೂಡ ಸಹಕರಿಸಲಿಲ್ಲ. 1875ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ ಬೊಂಬಾಯಿ ನಗರಸಭೆಯಲ್ಲಿ ಕೆಲಸ ಮಾಡಿದರು. 1885ರಲ್ಲಿ ಕಾಂಗ್ರೆಸ್ ಹುಟ್ಟಿದಾಗ ಅದರಲ್ಲಿ ಇದ್ದರು. ಮುಂದೆ 1886, 1893, 1906, ಹೀಗೆ ಮೂರು ಸಲ ಅದರ ಅಧ್ಯಕ್ಷರಾದರು.

ಆದರೆ ಲೆಕ್ಕ ಕೇಳುವ ಜಾಗ ಇಲ್ಲಿ ಇರಲಿಲ್ಲ, ಲಂಡನ್ನಿನಲ್ಲಿತ್ತು. ಭಾರತದ ಮೇಲಿನ ಕೊನೆಯ ಅಧಿಕಾರ ಬ್ರಿಟಿಷ್ ಪಾರ್ಲಿಮೆಂಟಿನದು. ಅದಕ್ಕೆ ಅಲ್ಲಿಗೇ ನುಗ್ಗಬೇಕು ಅಂತ ದಾದಾಭಾಯಿ ತೀರ್ಮಾನಿಸಿದರು. ಆಗ ಅಲ್ಲಿ ಎಂ.ಪಿ. ಆದವರಿಗೆ ಸಂಬಳ ಇರಲಿಲ್ಲ. ಅದು ಬಂದದ್ದು 1911ರಲ್ಲಿ. ಚುನಾವಣೆ ಖರ್ಚು, ಮನೆ ಖರ್ಚು ಎಲ್ಲ ಕೈಯಿಂದಲೇ. ರಾಜಕೀಯದಲ್ಲಿ ದುಡ್ಡು ಮಾಡಿದವರ ಕತೆ ನೀವು ಕೇಳಿರುತ್ತೀರಿ. ಇವರದು ವ್ಯಾಪಾರದಲ್ಲಿ ದುಡಿದದ್ದನ್ನು ರಾಜಕೀಯಕ್ಕೆ ಹಾಕಿದ ಕತೆ.

1886ರಲ್ಲಿ ಲಂಡನ್ನಿನ ಹೋಬರ್ನ್ ಕ್ಷೇತ್ರದಲ್ಲಿ ನಿಂತು ಸೋತರು. ಸೋತವರು ಊರಿಗೆ ಹೋಗಲಿಲ್ಲ. ಸೆಂಟ್ರಲ್ ಫಿನ್ಸ್‌ಬರಿ ಅನ್ನುವ ಇನ್ನೊಂದು ಕ್ಷೇತ್ರ ಹಿಡಿದರು. ಅಲ್ಲಿ ಗಡಿಯಾರ ಮಾಡುವವರು, ಅಚ್ಚುಕೂಟದ ಕೆಲಸಗಾರರು ಬಹಳ. 1888ರಲ್ಲಿ ಪ್ರಧಾನಿ ಸಾಲ್ಸ್‌ಬರಿ ಒಂದು ಭಾಷಣದಲ್ಲಿ, ಕರಿಯನೊಬ್ಬನನ್ನು ಆರಿಸುವ ಕಾಲ ಇಂಗ್ಲೆಂಡಿನಲ್ಲಿ ಇನ್ನೂ ಬಂದಿಲ್ಲ ಅನ್ನುವ ಅರ್ಥದ ಮಾತಾಡಿದರು. ಇಂಗ್ಲಿಷ್ ಜನರಲ್ಲೇ ಅನೇಕರಿಗೆ ಆ ಮಾತು ಹೇಸಿಗೆ ಅನ್ನಿಸಿತು. ಅಲ್ಲಿಯವರೆಗೆ ದಾದಾಭಾಯಿ ಯಾರು ಅಂತ ಗೊತ್ತಿಲ್ಲದವರಿಗೂ ಗೊತ್ತಾಯಿತು!

1892ರಲ್ಲಿ ಚುನಾವಣೆ. ದಾದಾಭಾಯಿಗೆ 66 ವರ್ಷ. ಅವರಿಗೆ ಬಿದ್ದ ಮತ 2961. ಎದುರಾಳಿಗೆ 2956. ಕಳೆದು ನೋಡಿ. ಬರೀ ಐದು! ಐದು ಜನ ಮನೆಯಲ್ಲೇ ಕೂತಿದ್ದರೆ ಏನಾಗುತ್ತಿತ್ತು? ನೌರೋಜಿ ಅನ್ನುವ ಹೆಸರು ಅಲ್ಲಿಯವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಅದಕ್ಕೆ ತಮಾಷೆಗೆ 'ನ್ಯಾರೋ ಮೆಜಾರಿಟಿ' ಅಂತ ಕರೆದರು. ಕೂದಲೆಳೆಯಲ್ಲಿ ಗೆದ್ದವರು ಅಂತ ಅರ್ಥ. ಆಗ ಅಲ್ಲಿ ಹೆಂಗಸರಿಗೆ ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕು ಇರಲಿಲ್ಲ. ಎಲ್ಲ ಗಂಡಸರಿಗೂ ಇರಲಿಲ್ಲ. ಹೆಂಗಸರಿಗೂ ಓಟು ಬೇಕು ಅನ್ನುವವರ ಕಡೆಗೆ ದಾದಾಭಾಯಿ ಇದ್ದರು.

ಪಾರ್ಲಿಮೆಂಟಿನಲ್ಲಿ ಅವರು ಹಿಡಿದ ಒಂದು ಕೆಲಸ ಪರೀಕ್ಷೆಯದು. ಭಾರತದ ದೊಡ್ಡ ಅಧಿಕಾರಿಗಳಾಗಲು ಬರೆಯಬೇಕಾದ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಬಡವರ ಮಗ ಹಡಗಿಗೆ ದುಡ್ಡು ಎಲ್ಲಿಂದ ತಂದಾನು? ಪರೀಕ್ಷೆ ಭಾರತದಲ್ಲೂ ನಡೆಯಲಿ ಅಂತ 1893ರಲ್ಲಿ ಪಾರ್ಲಿಮೆಂಟು ನಿರ್ಣಯ ಮಾಡಿತು. ಗೆದ್ದೆವು ಅಂದುಕೊಂಡರು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ಆ ಪರೀಕ್ಷೆ ಭಾರತದಲ್ಲಿ ಶುರುವಾದದ್ದು 1922ರಲ್ಲಿ. ಅಷ್ಟರಲ್ಲಿ ದಾದಾಭಾಯಿ ತೀರಿಕೊಂಡು ಐದು ವರ್ಷ ಆಗಿತ್ತು.

1895ರ ಚುನಾವಣೆಯಲ್ಲಿ ಸೋತರು. ಅದೇ ವರ್ಷ ಭಾರತದ ಖರ್ಚು ವೆಚ್ಚ ವಿಚಾರಿಸಲು ಒಂದು ಆಯೋಗ ನೇಮಕವಾಯಿತು. ಅದರಲ್ಲಿ ದಾದಾಭಾಯಿಗೂ ಜಾಗ ಸಿಕ್ಕಿತು. ಅಲ್ಲೂ ಅದೇ ಪ್ರಶ್ನೆ, ಅದೇ ಲೆಕ್ಕ. 1901ರಲ್ಲಿ ಆ ಲೆಕ್ಕವನ್ನೆಲ್ಲ ಸೇರಿಸಿ ದೊಡ್ಡ ಪುಸ್ತಕ ಅಚ್ಚು ಹಾಕಿಸಿದರು.

ಅವರಲ್ಲಿ ಒಂದು ಕೊರತೆ ಇತ್ತು ಅಂತ ನನಗೆ ಅನ್ನಿಸುತ್ತದೆ. ಲೆಕ್ಕ ಸರಿಯಾಗಿ ತೋರಿಸಿದರೆ ಇಂಗ್ಲಿಷರು ನ್ಯಾಯ ಕೊಡುತ್ತಾರೆ ಅಂತ ಅವರು ಬಹಳ ವರ್ಷ ನಂಬಿದ್ದರು. ತಪ್ಪು ತೋರಿಸಿದರೆ ಒಳ್ಳೇ ವ್ಯಾಪಾರಿ ತಿದ್ದಿಕೊಳ್ಳುತ್ತಾನೆ. ಆದರೆ ತಪ್ಪಿನಿಂದಲೇ ಲಾಭ ಇದ್ದವನು ಯಾಕೆ ತಿದ್ದಿಕೊಳ್ಳುತ್ತಾನೆ? ಕಾಂಗ್ರೆಸ್ಸಿನ ಬಿಸಿರಕ್ತದ ಹುಡುಗರು ಈ ನಂಬಿಕೆ ನೋಡಿ ಬೇಸರ ಪಟ್ಟರು.

1906ರ ಡಿಸೆಂಬರಿನಲ್ಲಿ ಕಲ್ಕತ್ತದಲ್ಲಿ ಕಾಂಗ್ರೆಸ್ ಅಧಿವೇಶನ. ಬಿಸಿರಕ್ತದವರಿಗೂ ಹಿರಿಯರಿಗೂ ಜಗಳ. ಇಬ್ಬರೂ ಒಪ್ಪುವ ಅಧ್ಯಕ್ಷರು ಬೇಕಿತ್ತು. 81 ವರ್ಷದ ದಾದಾಭಾಯಿಯನ್ನು ಲಂಡನ್ನಿನಿಂದ ಕರೆಸಿದರು. ಅವರ ದನಿ ಸೋತಿತ್ತು. ಭಾಷಣದ ಬಹುಭಾಗವನ್ನು ಬೇರೆಯವರು ಓದಿದರು. ಅದರಲ್ಲಿ ಅವರು ಕೇಳಿದ್ದು ಸ್ವರಾಜ್ಯ. ನಮ್ಮ ಕಂದಾಯ ಎಷ್ಟು, ಖರ್ಚು ಎಷ್ಟು ಅಂತ ನಾವೇ ತೀರ್ಮಾನಿಸುವ ಅಧಿಕಾರ ಅದು.

1907ರಲ್ಲಿ ಅವರು ಭಾರತಕ್ಕೆ ಮರಳಿ ಬಂದು ಬೊಂಬಾಯಿಯ ಹತ್ತಿರ ಸಮುದ್ರದ ದಂಡೆಯ ವರ್ಸೋವಾದಲ್ಲಿ ನೆಲೆಸಿದರು. 1917ರ ಜೂನ್ 30ರಂದು ತೀರಿಕೊಂಡರು. ಮುಂಬಯಿಯಲ್ಲಿ ಅವರ ಹೆಸರಿನ ದೊಡ್ಡ ರಸ್ತೆ ಇದೆ. ಐದು ಮತದಿಂದ ಅವರನ್ನು ಆರಿಸಿದ ಲಂಡನ್ನಿನ ಫಿನ್ಸ್‌ಬರಿಯಲ್ಲೂ ಒಂದು ಸಣ್ಣ ಬೀದಿಗೆ ನೌರೋಜಿ ಬೀದಿ ಅಂತ ಹೆಸರಿಟ್ಟಿದ್ದಾರೆ. ನಾಲಿಗೆ ಹೊರಳದ ಆ ಹೆಸರನ್ನು ಅಲ್ಲಿಯ ಅಂಚೆಯವರು ಈಗ ದಿನಾ ಓದಬೇಕು.