ದೂರದಿಂದ ಯಂತ್ರಗಳನ್ನು ನಡೆಸುವ ಕ್ರಮ

ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಚಿನ್ನದ ಗಣಿಯ ಊರುಗಳಿಗೆ ನೀರನ್ನು ಏರಿಸುತ್ತಿದ್ದ ಸಂಗತಿಯು ಈ ಸೀಮೆಯವರಿಗೆಲ್ಲ ತಿಳಿದದ್ದೇ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು ೯೨ ಮೈಲಿ ತಂತಿಯ ಮೇಲೆ ಗಣಿಗಳನ್ನು ಮುಟ್ಟಿತು. ಶಕ್ತಿಯೇನೋ ಅಷ್ಟು ದೂರ ಹರಿದುಬಂದಿತು. ಆದರೆ ಯಂತ್ರವನ್ನು ಹೂಡಿ ನಿಲ್ಲಿಸುವುದಕ್ಕೆ ಅದರ ಬಳಿಯಲ್ಲಿಯೇ ಮನುಷ್ಯನಿರಬೇಕಾಗಿತ್ತು. ಈಗ ಆ ನಿರ್ಬಂಧವೂ ಸಡಿಲಿದೆ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣವು ೨೦೨೩ರ ಜನವರಿಯಲ್ಲಿ ಲೋಕಾರ್ಪಣೆಯಾಯಿತು. ಅಲ್ಲಿ ಸ್ಕಾಡಾ ಎಂಬ ಏರ್ಪಾಡಿನಿಂದ ಕಾಲುವೆಯ ಬಾಗಿಲುಗಳನ್ನು ದೂರದಿಂದಲೇ ಎತ್ತಿ ಇಳಿಸಬಹುದಾಗಿದೆ. ಕೊಳವೆಬಾವಿಯ ರೈತನಿಗೂ ಇಂಥ ಸೌಕರ್ಯವು ಚಿಕ್ಕ ಪ್ರಮಾಣದಲ್ಲಿ ದೊರೆಯುವಂತಿದೆ. ಮೂರು ಫೇಸಿನ ವಿದ್ಯುತ್ತು ನಡುರಾತ್ರಿ ಬಂದಾಗ ಹಾವುಚೇಳುಗಳ ಭಯದಲ್ಲಿ ತೋಟಕ್ಕೆ ನಡೆದವರಿಗೆ ಇದರ ಬೆಲೆಯನ್ನು ಹೇಳಬೇಕಾದುದಿಲ್ಲ.

ಸ್ಟಾರ್ಟರಿಗೆ ಜೋಡಿಸುವ ನಿಯಂತ್ರಕವು ತಾನೇ ಒಂದು ಪುಟ್ಟ ಗಣಕಯಂತ್ರ. ಬ್ರೌಸರಿನಲ್ಲಿ ಅದರ ವಿಳಾಸವನ್ನು ಬರೆದು ಕೇಳಿದರೆ, ಮೋಟಾರು ಓಡುತ್ತಿದೆಯೆ, ವೋಲ್ಟೇಜು ಎಷ್ಟು, ಆಂಪಿಯರು ಎಷ್ಟು ಎಂಬುದನ್ನು ಒಂದು ಪುಟವಾಗಿ ಕಳುಹಿಸುತ್ತದೆ. ಆ ಪುಟದ ಗುಂಡಿಯನ್ನು ಒತ್ತಿದೊಡನೆ ಅಪ್ಪಣೆಯು ನಿಯಂತ್ರಕವನ್ನು ಸೇರಿ, ಅದರೊಳಗಿನ ರಿಲೇಯು ಸ್ಟಾರ್ಟರನ್ನು ಹಿಡಿಸುತ್ತದೆ. ಮನೆಯ ವೈಫೈ ರೌಟರನ್ನು ಸರಿಪಡಿಸುವ ಕ್ರಮವೂ ಇದೇ.

ಆದರೆ ೧೯೨.೧೬೮.೧.೧ ಎಂಬಂತಹ ವಿಳಾಸವು ಮನೆಯ ಜಾಲದೊಳಗೆ ಮಾತ್ರ ಸಲ್ಲುತ್ತದೆ. ಊರೊಳಗೆ ‘ಮೂಲೆಮನೆಯವರು’ ಎಂದರೆ ಸಾಕು. ಬೆಂಗಳೂರಿನಿಂದ ಬರೆದ ಕಾಗದಕ್ಕೆ ಅಷ್ಟೇ ವಿಳಾಸ ಸಾಲದಷ್ಟೆ. ಆದಕಾರಣ ಕೆಲವರು ರೌಟರಿನಲ್ಲಿ ಹೊರಗಿನವರಿಗೆ ಒಂದು ಬಾಗಿಲನ್ನೇ ತೆರೆದಿಡುತ್ತಾರೆ. ಇದು ಸರ್ವಥಾ ಕೂಡದು. ತೆರೆದ ಬಾಗಿಲುಗಳನ್ನು ಹುಡುಕುತ್ತ ಜಗತ್ತಿನ ಜಾಲವನ್ನೆಲ್ಲ ಹಗಲಿರುಳು ತಡಕುವ ತಂತ್ರಾಂಶಗಳುಂಟು. ೨೦೧೬ರಲ್ಲಿ ಮಿರಾಯ್ ಎಂಬುದು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೌಟರು ಮೊದಲಾದವುಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತು. ಅದು ಪ್ರಯೋಗಿಸಿದ ಕೀಲಿಗಳು ಅರವತ್ತಕ್ಕೆ ತುಸು ಮೇಲು ಮಾತ್ರ! ವಿಪಿಎನ್ ಎಂಬ ಗುಪ್ತಮಾರ್ಗದಿಂದ ಒಳಹೋಗುವುದು ಉತ್ತಮ. ಅದು ಸಾಧ್ಯವಾಗದಿದ್ದರೆ, ನಿಯಂತ್ರಕವೇ ತಯಾರಕರ ಸರ್ವರನ್ನು ಕರೆದು ಸಂಪರ್ಕವನ್ನಿಟ್ಟುಕೊಳ್ಳುವ ಬಗೆಯದನ್ನು ಕೊಳ್ಳಬಹುದು. ಎರಡರಲ್ಲಿಯೂ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸತಕ್ಕದ್ದು. ಅದನ್ನು ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟರೆ ಬದಲಾಯಿಸಿಯೂ ಫಲವಿಲ್ಲ.

ಪುಟವು ತೋರಿಸಿದ್ದನ್ನೆಲ್ಲ ನಂಬಲೂ ಆಗದು. ಸಿಗ್ನಲ್ ಕಡಿದಾಗ ಹಿಂದಿನ ಅಂಕಿಯೇ ನಿಂತಿರಬಹುದು. ನೋಡುವವನಿಗೆ ಮೋಟಾರು ನೀರೆತ್ತುತ್ತಿರುವಂತೆ ಕಾಣುವುದು, ಇತ್ತ ಬತ್ತಿದ ಬಾವಿಯಲ್ಲಿ ಅದು ಬರಿದೆ ತಿರುಗಿ ಸುಟ್ಟುಹೋಗುವುದು. ಆಂಪಿಯರು ಇಳಿದೊಡನೆ, ಯಾರ ಅಪ್ಪಣೆಯನ್ನೂ ಕಾಯದೆ ಮೋಟಾರನ್ನು ನಿಲ್ಲಿಸುವ ರಕ್ಷಣೆಯು ಸ್ಟಾರ್ಟರಿನಲ್ಲಿಯೇ ಇರಬೇಕು.

ಇದಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ತೋಟದಲ್ಲಿ ಒಬ್ಬನು ತಂತಿ ಬಿಚ್ಚಿ ದುರಸ್ತಿ ಮಾಡುತ್ತಿರುವಾಗ, ಅದನ್ನರಿಯದ ಮಗನು ಬಂಗಾರಪೇಟೆಯಲ್ಲಿ ಕುಳಿತು ಗುಂಡಿಯನ್ನೊತ್ತಿದರೆ ಪ್ರಾಣಕ್ಕೇ ಕುತ್ತು. ಆದುದರಿಂದ ಪೆಟ್ಟಿಗೆಗೆ ಕೈಯಿಕ್ಕುವ ಮೊದಲು ಮುಖ್ಯ ಸ್ವಿಚ್ಚನ್ನು ಇಳಿಸಿ, ಮೂರು ಫ್ಯೂಸುಗಳನ್ನೂ ಕಿತ್ತು, ಕೆಲಸ ಮುಗಿಯುವ ತನಕ ಅವನ್ನು ದುರಸ್ತಿ ಮಾಡುವವನೇ ತನ್ನ ಜೇಬಿನಲ್ಲಿಟ್ಟುಕೊಂಡಿರತಕ್ಕದ್ದು.