ಪ್ರಯೋಗಾಲಯದ ಮಾಂಸ ವೀಗನ್ ಆಹಾರವೇ?

ಪ್ರಶ್ನೆ: ಪ್ರಾಣಿಯನ್ನು ಕೊಲ್ಲದೆ ಪ್ರಯೋಗಾಲಯದಲ್ಲಿ ಬೆಳೆಸುವ ಮಾಂಸವನ್ನು ವೀಗನ್ ಎನ್ನಬಹುದೇ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಎನ್ನಲಾಗದು. ಅದು ಸೋಯಾದಿಂದ ಮಾಡಿದ ನಕಲಿಯಲ್ಲ, ಮಾಂಸವೇ. ಕೋಳಿಯದೋ ದನದ್ದೋ ಚೂರು ಅಂಗಾಂಶದಿಂದ ಜೀವಕೋಶ ತೆಗೆದು, ಸಕ್ಕರೆ, ಅಮೈನೋ ಆಮ್ಲ, ಲವಣಗಳಿರುವ ದ್ರವದಲ್ಲಿ, ಪ್ರಾಣಿಯ ಮೈಬಿಸಿಯಷ್ಟೇ ಶಾಖದಲ್ಲಿ ಬೆಳೆಸುತ್ತಾರೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಅಂಗಡಿಯಲ್ಲಿ ಕೊಂಡ ಕೋಳಿಮಾಂಸ ಅಲರ್ಜಿಯಾಗುವವರಿಗೆ ತೊಟ್ಟಿಯಲ್ಲಿ ಬೆಳೆದ ಕೋಳಿಮಾಂಸವೂ ಆಗಿಬರುವುದಿಲ್ಲ.

ಇನ್ನು ಕೊಲ್ಲದೆ ಎಂಬ ಮಾತು. 2013ರಲ್ಲಿ ವಿಜ್ಞಾನಿ ಮಾರ್ಕ್ ಪೋಸ್ಟ್ ಲಂಡನ್ನಿನಲ್ಲಿ ತೋರಿಸಿದ, ಪ್ರಯೋಗಾಲಯದ ಮಾಂಸದ ಮೊದಲ ಬರ್ಗರ್‌ನ ಕೋಶಗಳನ್ನು ಬೆಳೆಸಲು ಕರುವಿನ ಭ್ರೂಣದ ರಕ್ತಸಾರ ಬಳಸಿದ್ದರು. ಗಬ್ಬದ ಹಸುವನ್ನು ಕಸಾಯಿಖಾನೆಯಲ್ಲಿ ಕಡಿದಾಗ, ಹೊಟ್ಟೆಯೊಳಗಿನ ಕರುವಿನ ರಕ್ತದಿಂದ ಅದನ್ನು ತೆಗೆಯುತ್ತಾರೆ. ಇದನ್ನು ಅಹಿಂಸೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಈಗ ಹಲವು ಕಂಪನಿಗಳು ರಕ್ತಸಾರವನ್ನು ಬಿಟ್ಟಿವೆ. 2020ರಲ್ಲಿ ಇಂಥ ಮಾಂಸದ ಮಾರಾಟಕ್ಕೆ ಮೊದಲು ಒಪ್ಪಿಗೆ ಕೊಟ್ಟ ಸಿಂಗಾಪುರ, 2023ರಲ್ಲಿ ರಕ್ತಸಾರವಿಲ್ಲದ ವಿಧಾನಕ್ಕೂ ಅನುಮತಿ ನೀಡಿತು. ಇದು ದೊಡ್ಡ ಹೆಜ್ಜೆಯೇ. ಆದರೂ ಮೂಲ ಕೋಶ ಪ್ರಾಣಿಯದೇ.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2022ರ ವೀಗನ್ ನಿಯಮಾವಳಿಯೂ ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಇರಬಾರದು ಎನ್ನುತ್ತದೆ. ಪ್ರಾಣಿಹತ್ಯೆ ಕಡಿಮೆಯಾಗಲಿ ಎಂದು ಬಯಸುವ ಮಾಂಸಾಹಾರಿಗಳಿಗೆ ಪ್ರಯೋಗಾಲಯದ ಮಾಂಸ ಒಳ್ಳೆಯ ದಾರಿ. ವೀಗನ್ ಆದವರಿಗೆ ನಿಮ್ಮೂರಿನ ತಿಳಿನೀರಿನ ಪಾನಿಪುರಿಯೇ ಇದೆ, ಮೊಸರು, ಬೆಣ್ಣೆ ಬೀಳದಿದ್ದರೆ ಸಾಕು. ಪೊಟ್ಟಣದ ತಿನಿಸಾದರೆ ಹಸಿರು ‘ವಿ’ ಗುರುತು ನೋಡಿಯೇ ಕೊಳ್ಳಿ.