ಹಳೆಯ ಜೀಪಿನಲ್ಲಿ ಬಯಲುಸೀಮೆಗೆ

ತೋಟದ ಏರನ್ನು ಸಲೀಸಾಗಿ ಹತ್ತುವ ಹಳೆಯ ಜೀಪು ದೂರದಾರಿಗೂ ಸಿದ್ಧವಾಗಿದೆಯೆಂದು ಸದಸ್ಯ ಬಂಧುಗಳು ಭಾವಿಸಬಾರದು. ತೋಟದಲ್ಲಿ ಅದರ ಓಟ ಅರ್ಧ ಗಂಟೆಯದು. ಚಿತ್ರದುರ್ಗ, ಹೊಸಪೇಟೆ ದಾಟಿ ವಿಜಯಪುರ ಜಿಲ್ಲೆಯ ಜೈನಾಪುರ ಮುಟ್ಟಲು ಬಿಸಿಲಿನಲ್ಲಿ ಇಡೀ ಹಗಲಿನ ಓಟ.

ಆದುದರಿಂದ ಮೊದಲ ಗಮನ ರೇಡಿಯೇಟರಿಗೆ. ಒಳಗಿನ ಕೆಸರು ತೊಳೆಸಿ, ಬಿರುಕುಬಿಟ್ಟ ಹೋಸ್ ಪೈಪು, ಫ್ಯಾನ್ ಬೆಲ್ಟು ಬದಲಿಸಿರಿ. ಎಂಜಿನ್ ಕಾದಿರುವಾಗ ಮುಚ್ಚಳ ತೆರೆಯಬೇಡಿರಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಉದ್ದದ ಇಳಿಜಾರಿನಲ್ಲಿ ಕಾದು ಕುದಿದರೆ ಬ್ರೇಕು ಹಿಡಿಯದು. 2 ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಕ್ಷೇಮ.

ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರದ ಗೇರು ಬೇಡ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳ ವೇಗ ಬೇರೆಯಾಗಿ ಗೇರುಪೆಟ್ಟಿಗೆಯ ಮೇಲೆ ಬಿಗಿತ ಬೀಳುತ್ತದೆ.

ಹೊರಡುವ ವಾರ ಮೊದಲೇ 50 ಕಿ.ಮೀ. ಓಡಿಸಿ ನೋಡಿರಿ. ದೋಷ ಊರಿನಲ್ಲೇ ಕಾಣಿಸಿಕೊಂಡರೆ ಹಣವೂ ಉಳಿಯಿತು, ಜೀವವೂ ಉಳಿಯಿತು.